ಟೈಪ್ 1 ಡಯಾಬಿಟಿಸ್ ಇರುವ ಮಗಳಿಗೆ ಬೇಸಿಗೆ ಶಿಬಿರ: ಯಾರಾದರೂ ಕಳಿಸಿದ್ದೀರಾ?

ಸೂಜಿಮಲ್ಲಿಗೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಮಗಳಿಗೆ 9 ವರ್ಷ. ಆರನೇ ವರ್ಷದಲ್ಲಿ ಟೈಪ್ 1 ಡಯಾಬಿಟಿಸ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ, ಅಂತ ಗೊತ್ತಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ಆರೇಳು ಸಲ ಬೆರಳು ಚುಚ್ಚಿ ಶುಗರ್ ನೋಡುವುದು. ಅವಳಿಗೆ ಅದೆಲ್ಲ ಹಲ್ಲುಜ್ಜಿದ ಹಾಗೆ ಆಗಿಬಿಟ್ಟಿದೆ.

ನಮ್ಮ ಏರಿಯಾದಲ್ಲಿ ಪ್ರತಿ ಏಪ್ರಿಲ್‌ಗೆ ಎರಡು ವಾರದ ಬೇಸಿಗೆ ಶಿಬಿರ ನಡೆಯುತ್ತದೆ. ನಾಟಕ, ಹಾಡು, ಮಣ್ಣಿನ ಗೊಂಬೆ. ಅವಳ ಕ್ಲಾಸಿನವರು ನಾಲ್ಕು ಜನ ಸೇರಿದ್ದಾರೆ. ಅರ್ಜಿಯಲ್ಲಿ "ಆರೋಗ್ಯದ ತೊಂದರೆ ಏನಾದರೂ ಇದೆಯೇ" ಅಂತ ಒಂದು ಗೆರೆ ಇತ್ತು. ಇದ್ದದ್ದನ್ನು ಬರೆದೆ. ಮಾರನೇ ದಿನ ಫೋನ್ ಬಂತು. "ನಮ್ಮಲ್ಲಿ ನರ್ಸ್ ಇಲ್ಲ ಮೇಡಂ. ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಮುಂದಿನ ವರ್ಷ ನೋಡೋಣ." ಮುಂದಿನ ವರ್ಷದೊಳಗೆ ವಾಸಿಯಾಗುತ್ತದೆ ಅಂದುಕೊಂಡರೋ ಏನೋ.

ಮಣ್ಣಿನ ಕೆಲಸಕ್ಕೆ ಅಂತ ಅವಳ ಅಜ್ಜಿ ಹಳೇ ಸೀರೆ ಕತ್ತರಿಸಿ ಏಪ್ರನ್ ಹೊಲಿದಿದ್ದರು. ಅದನ್ನು ಮಡಚಿ ಬೀರುವಿನಲ್ಲಿಡುತ್ತಾ ಮಗಳು ಕೇಳಿದಳು, "ಶುಗರ್ ಇದೆ ಅಂತ ಯಾಕಮ್ಮ ಬರೆದೆ?"

ಇಂಥ ಮಕ್ಕಳಿಗೇ ಅಂತ ಶಿಬಿರಗಳಿವೆ ಎಂದು ಕೇಳಿದ್ದೇನೆ. ಅಲ್ಲಿಗೆ ಹೋದರೆ ನಿಜವಾಗಿ ಏನಾದರೂ ಪ್ರಯೋಜನ ಇದೆಯಾ? ನಮ್ಮ ಯಜಮಾನರಿಗೆ ಇಷ್ಟವಿಲ್ಲ. "ಕಾಯಿಲೆ ಮಕ್ಕಳ ಗುಂಪಿಗೆ ಸೇರಿಸಿದರೆ ತಾನೂ ಕಾಯಿಲೆಯವಳು ಅಂತ ಅವಳ ತಲೆಯಲ್ಲಿ ಕೂತುಬಿಡುತ್ತದೆ" ಅನ್ನುತ್ತಾರೆ. ಅದೂ ಸರಿ ಅನ್ನಿಸುತ್ತದೆ. ಇನ್ನೊಂದು ವಿಷಯ. ಮೂರು ವರ್ಷದಿಂದ ರಾತ್ರಿ 3 ಗಂಟೆಗೆ ಅಲಾರಂ ಇಟ್ಟು ಎದ್ದು ಅವಳ ಶುಗರ್ ನೋಡುತ್ತಿದ್ದೇನೆ. ಒಂದೇ ಒಂದು ರಾತ್ರಿ ಬೇರೆ ಯಾರಾದರೂ ನೋಡಿಕೊಂಡರೆ ನಾನು ಮಲಗುತ್ತೇನಾ, ಅದೂ ಗೊತ್ತಿಲ್ಲ.

ಮೇಷ್ಟ್ರು (ಮೈಸೂರು)

ಮೇಡಂ, ಮುಂದಿನ ಸಲ ಆ ಗೆರೆಯನ್ನು ಖಾಲಿ ಬಿಡಿ. ದಿನಕ್ಕೆ ಎರಡು ಗಂಟೆಯ ಶಿಬಿರ ತಾನೇ, ಏನೂ ಆಗಲ್ಲ.

ಕುಂದಾಪುರದ ನರ್ಸ್ (ಐರ್ಲೆಂಡ್)

ಮೇಷ್ಟ್ರೇ, ಕೈಮುಗಿದು ಕೇಳುತ್ತೇನೆ, ಆ ಸಲಹೆ ಯಾರಿಗೂ ಕೊಡಬೇಡಿ. ಮಗು ಕುಣಿದು ಕುಣಿದು ಶುಗರ್ ಲೋ ಆಗಿ ಬೆವರುತ್ತಾ ಮಂಕಾಗಿ ಕೂತರೆ, ಗೊತ್ತಿಲ್ಲದವರು "ಸುಸ್ತಾಗಿದೆ, ಮಲಗಲಿ" ಅಂದುಬಿಡುತ್ತಾರೆ. ಗೊತ್ತಿದ್ದವರು ಮೂರು ಚಮಚ ಗ್ಲೂಕೋಸ್ ಕೊಡುತ್ತಾರೆ. ಅಕ್ಕಾ, ನೀವು ಬರೆದದ್ದೇ ಸರಿ. ಡ್ಯೂಟಿ ಮುಗಿಸಿ ಬಂದು ಉದ್ದಕ್ಕೆ ಬರೆಯುತ್ತೇನೆ.

ಕಾಫಿಪುಡಿ (ಕನೆಕ್ಟಿಕಟ್, ಊರು ಮೂಡಿಗೆರೆ)

ನಮ್ಮದು ಬೇರೆ ಕಾಯಿಲೆ, ಆದರೆ ನಿಮ್ಮ ಯಜಮಾನರು ಹೇಳಿದ್ದನ್ನೇ ನಾನೂ ಹೇಳಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗನಿಗೆ 7 ವರ್ಷಕ್ಕೆ ಬ್ಲಡ್ ಕ್ಯಾನ್ಸರ್. ಮಕ್ಕಳಲ್ಲಿ ಜಾಸ್ತಿ ಕಾಣುವ ಎಎಲ್‌ಎಲ್. ಇದರ ಚಿಕಿತ್ಸೆ ಎರಡರಿಂದ ಮೂರು ವರ್ಷ ಎಳೆಯುತ್ತದೆ. ಮೊದಲ ಕೆಲವು ತಿಂಗಳು ಜೋರು ಕೀಮೋ. ಆಮೇಲೆ ದಿನಾ ಸಂಜೆ ಮಾತ್ರೆ, ಆಗಾಗ ಆಸ್ಪತ್ರೆ. ಎದೆಯಲ್ಲಿ ಚರ್ಮದ ಕೆಳಗೆ ಪೋರ್ಟ್ ಅಂತ ಒಂದು ಗುಂಡಿ ಇಟ್ಟಿರುತ್ತಾರೆ, ಔಷಧಿ ಅದರ ಮೂಲಕ ಹೋಗುತ್ತದೆ. ಹೊರಗಿನಿಂದ ನೋಡಿದರೆ ಗೋಲಿ ಇಟ್ಟ ಹಾಗೆ ಉಬ್ಬಿರುತ್ತದೆ. ಮಗ ಯಾರ ಮುಂದೆಯೂ ಶರ್ಟ್ ಬಿಚ್ಚುತ್ತಿರಲಿಲ್ಲ. ಊರಿಂದ ಬಂದಿದ್ದ ಅಜ್ಜಿಯ ಮುಂದೆಯೂ ಇಲ್ಲ.

ನಮ್ಮ ಮನೆಯಿಂದ ಒಂದು ಗಂಟೆ ದಾರಿಯಲ್ಲಿ ಆಷ್‌ಫರ್ಡ್ ಅಂತ ಊರಿದೆ. ಅಲ್ಲಿ ಹೋಲ್ ಇನ್ ದಿ ವಾಲ್ ಗ್ಯಾಂಗ್ ಕ್ಯಾಂಪ್. ಸಿನಿಮಾ ನಟ ಪಾಲ್ ನ್ಯೂಮನ್ 1988ರಲ್ಲಿ ಶುರುಮಾಡಿದ್ದು. ಆ ಮನುಷ್ಯ 1982ರಲ್ಲಿ ಸಲಾಡ್ ಮೇಲೆ ಹಾಕುವ ಡ್ರೆಸಿಂಗ್ ಬಾಟಲಿಗೆ ತುಂಬಿ ಮಾರಲು ಹೊರಟವರು. ಲಾಭವನ್ನೆಲ್ಲ ದಾನಕ್ಕೇ ಕೊಡುತ್ತಿದ್ದರು. ಕ್ಯಾಂಪಿಗೆ ಇಟ್ಟಿರುವುದು ಅವರದೇ ಒಂದು ಸಿನಿಮಾದ ದರೋಡೆಕೋರರ ಗುಂಪಿನ ಹೆಸರು. ಯೇಲ್ ವಿಶ್ವವಿದ್ಯಾಲಯದ ಮಕ್ಕಳ ರಕ್ತದ ಕಾಯಿಲೆ ತಜ್ಞ ಡಾ. ಹೋವರ್ಡ್ ಪಿಯರ್ಸನ್ ಮೊದಲಿನ ವೈದ್ಯಕೀಯ ನಿರ್ದೇಶಕರು. ಆಸ್ಪತ್ರೆಯಂತೆ ಕಾಣಬಾರದು, ಮಕ್ಕಳು ಗಲಾಟೆ ಎಬ್ಬಿಸಬೇಕು, ಇದು ನ್ಯೂಮನ್ ಆಸೆ. ಅಲ್ಲಿನ ಆಸ್ಪತ್ರೆಗೂ "ಓಕೆ ಕೊರಾಲ್" ಅಂತ ಕೌಬಾಯ್ ಹೆಸರು. ಯಾವ ಮಗುವಿಗೂ ಒಂದು ಪೈಸೆ ಫೀಸ್ ಇಲ್ಲ. ನಮಗೆ ಅದನ್ನು ನಂಬಲು ಎರಡು ದಿನ ಬೇಕಾಯಿತು. ಇಂಡಿಯನ್ ತಲೆ, ಎಲ್ಲೋ ಚಿಕ್ಕ ಅಕ್ಷರದಲ್ಲಿ ಏನೋ ಬರೆದಿರುತ್ತಾರೆ ಅಂತ ಹುಡುಕಿದೆವು.

ಒಂದು ವಾರ ಬಿಟ್ಟು ಬಂದೆವು. ಬಂದೆವು ಅಂದರೆ, ಮನೆಗೆ ಬರಲಿಲ್ಲ. ಹತ್ತಿರದಲ್ಲೇ ಒಂದು ಮೋಟೆಲ್‌ನಲ್ಲಿ ರೂಂ ಹಿಡಿದು ಫೋನ್ ನೋಡುತ್ತಾ ಕೂತೆವು. ಎರಡನೇ ದಿನ ಹೆಂಡತಿ, "ನಾವಿಬ್ಬರೇ ಕೂತು ಊಟ ಮಾಡಿ ಎಷ್ಟು ದಿನ ಆಯ್ತು?" ಅಂದಳು. ಲೆಕ್ಕ ಹಾಕಿದರೆ 19 ತಿಂಗಳು. ಆ ಊಟದಲ್ಲೂ ಮಗನ ಬ್ಲಡ್ ಕೌಂಟ್ ಬಗ್ಗೆಯೇ ಮಾತಾಡಿದೆವು, ಅದು ಬೇರೆ ವಿಷಯ.

ಮಗ ವಾಪಸ್ ಬಂದಾಗ ಹೇಳಿದ ಮೊದಲ ಕಥೆ ಕುದುರೆಯದ್ದಲ್ಲ, ಬಿಲ್ಲುಬಾಣದ್ದೂ ಅಲ್ಲ. ಈಜುಕೊಳದ್ದು. ಶರ್ಟ್ ಹಾಕಿಕೊಂಡೇ ದಡದಲ್ಲಿ ನಿಂತಿದ್ದನಂತೆ. ಪಕ್ಕದ ಹುಡುಗ ಇವನ ಎದೆ ನೋಡಿ, "ನಿಂದು ಯಾವ ಕಡೆ? ನಂದು ಎಡಕ್ಕೆ" ಅಂದನಂತೆ. ಇನ್ನೊಬ್ಬ ಬಂದು ತನ್ನದಕ್ಕೆ ಹೊಲಿಗೆ ಎಷ್ಟು ಬಿದ್ದಿತ್ತು ಅಂತ ತೋರಿಸಿದನಂತೆ. ಅಷ್ಟೇ. ಮೂವರೂ ನೀರಿಗೆ ಹಾರಿದರು. ಮನೆಯಲ್ಲಿ ಸಂಜೆಯ ಮಾತ್ರೆ ಅಂದರೆ ಅರ್ಧ ಗಂಟೆಯ ಕುರುಕ್ಷೇತ್ರ. ಅಲ್ಲಿ ಊಟವಾದ ಮೇಲೆ ಎಲ್ಲರೂ ನುಂಗುತ್ತಾರೆ, ಇವನೂ ನುಂಗಿ ಎದ್ದಿದ್ದಾನೆ.

ನಿಮ್ಮ ಯಜಮಾನರಿಗೆ ಇದನ್ನು ಹೇಳಿ. ಸ್ಕೂಲಲ್ಲಿ ನನ್ನ ಮಗ ಕ್ಯಾನ್ಸರ್ ಇರುವ ಹುಡುಗ. ಕ್ಯಾಂಪಲ್ಲಿ ಸುಮ್ನೆ ಹುಡುಗ. ಕಾಯಿಲೆಯವನು ಅನ್ನಿಸುತ್ತಿದ್ದದ್ದು ಗಟ್ಟಿಮುಟ್ಟಾದವರ ನಡುವೆ ಇದ್ದಾಗ.

ಲೆಕ್ಕದವ (ಹುಬ್ಬಳ್ಳಿ)

ಓದಿ ಖುಷಿ ಆತು ಸರ್. ಆದರೆ ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಅದು ಅಮೆರಿಕ. ನಮ್ಮ ಅಕ್ಕನ ಮಗಳಿಗೆ ಇದೇ ಕಾಯಿಲೆ ಬಂದಾಗ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆವು. ವಾರ್ಡಿನ ಹೊರಗೆ ಎಂಥೆಂಥ ಮಂದಿ ಇದ್ದರು ಗೊತ್ತೇನ್ರಿ? ಕಲಬುರಗಿ, ಬೀದರ್‌ನಿಂದ ಬಂದವರು ಮೆಟ್ಟಿಲ ಮೇಲೆ ಮಲಗುತ್ತಿದ್ದರು. ಹೊಲ ಮಾರಿದವರಿದ್ದರು. ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಊರಿಗೆ ಹೋದವರನ್ನೂ ನೋಡಿದೆ. ಔಷಧಿಗೇ ದುಡ್ಡಿಲ್ಲದವರಿಗೆ ಈಜುಕೊಳ, ಕುದುರೆ ಯಾಕ್ರಿ? ದುಡ್ಡು ಇದ್ದರೆ ಅವರಿಗೆ ಊಟ, ರೂಂ ಕೊಡ್ರಿ.

ಕುಂದಾಪುರದ ನರ್ಸ್ (ಐರ್ಲೆಂಡ್)

ಲೆಕ್ಕದವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನಗಿಂತ ಚೆನ್ನಾಗಿ ಉತ್ತರಿಸುವವರು ಇಲ್ಲಿದ್ದಾರೆ, ಬರುತ್ತಾರೆ ನೋಡಿ. ನಾನು ಒಳಗಿನ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಇಲ್ಲಿ ಕಿಲ್ಡೇರ್ ಕೌಂಟಿಯಲ್ಲಿ ಬ್ಯಾರೆಟ್ಸ್‌ಟೌನ್ ಅಂತ ಒಂದು ಹಳೇ ಕೋಟೆಮನೆ. ಅಲ್ಲೂ ಪಾಲ್ ನ್ಯೂಮನ್ ಅವರೇ 1994ರಲ್ಲಿ ಕ್ಯಾಂಪ್ ಶುರುಮಾಡಿಸಿದರು. ರಜೆ ಹಾಕಿ ಒಂದು ವಾರ ಸ್ವಯಂಸೇವಕಿಯಾಗಿ ಹೋಗಿದ್ದೆ. ಸ್ವಯಂಸೇವಕರನ್ನು "ಕಾರಾ" ಅನ್ನುತ್ತಾರೆ. ಐರಿಷ್‌ನಲ್ಲಿ ಗೆಳೆಯ ಅಂತ ಅರ್ಥ.

ಮಕ್ಕಳು ಬರುವ ದಿನ ತುಂಬಾ ಕೆಲಸ. ಪ್ರತಿ ಮಗುವಿನ ಔಷಧಿ ಎಣಿಸಿ, ಹೆಸರು ಬರೆದು, ಹೊತ್ತಿನ ಪ್ರಕಾರ ಜೋಡಿಸಬೇಕು. ಫ್ರಿಜ್‌ನದ್ದು ಫ್ರಿಜ್‌ಗೆ. ಯಾರಿಗೆ ಜ್ವರ ಬಂದರೆ ಯಾವ ಆಸ್ಪತ್ರೆ, ಮೊದಲೇ ತೀರ್ಮಾನ ಆಗಿರಬೇಕು. ಕೀಮೋದಲ್ಲಿರುವ ಮಗುವಿಗೆ ಬಿಳಿ ರಕ್ತಕಣ ಕಡಿಮೆ ಇದ್ದಾಗ ಜ್ವರ ಅಂದರೆ ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ. ನಮ್ಮಲ್ಲಿ "ಅಮ್ಮ ಎದ್ದಿದೆ" ಅನ್ನುತ್ತೇವಲ್ಲ, ಆ ಚಿಕನ್‌ಪಾಕ್ಸ್ ಇಂಥ ಮಕ್ಕಳಿಗೆ ಜೀವಕ್ಕೇ ಅಪಾಯ. ಆದ್ದರಿಂದ ನೆಗಡಿ ಇರುವ ಸ್ವಯಂಸೇವಕರಿಗೆ ಜಾಗವಿಲ್ಲ. ಮಕ್ಕಳ ವಿಷಯದಲ್ಲೂ ಹಾಗೇ ಗಟ್ಟಿಯಾಗಿರಬೇಕು, ಎಷ್ಟೇ ಅಳಲಿ.

ಇಷ್ಟೆಲ್ಲ ನಡೆಯುತ್ತಿದ್ದರೂ ಮಕ್ಕಳ ಕಣ್ಣಿಗೆ ಬೀಳಬಾರದು, ಅದೇ ಕಷ್ಟ. ನಾನು ಹತ್ತು ವರ್ಷದಿಂದ ನರ್ಸ್. ತಲೆಗೆ ಕೋಳಿ ಟೊಪ್ಪಿ ಹಾಕಿಕೊಂಡು ಕೀಮೋ ಮಾತ್ರೆ ಕೊಟ್ಟದ್ದು ಅದೇ ಮೊದಲು.

ಆಟಗಳಿಗೂ ಒಂದು ಲೆಕ್ಕಾಚಾರ ಇದೆ. ಮೊದಲು ಸ್ವಲ್ಪ ಭಯವಾಗುವ ಒಂದು ಸವಾಲು. ಎಲ್ಲಿಯವರೆಗೆ ಅಂತ ಮಗುವೇ ಹೇಳಬೇಕು, ನಾವು ತಳ್ಳುವಂತಿಲ್ಲ. ಅದನ್ನು ಗೆದ್ದ ಮೇಲೆ ರಾತ್ರಿ ಎಲ್ಲರೂ ಕೂತು ಆ ದಿನದ ಬಗ್ಗೆ ಮಾತಾಡುವುದು. ನನ್ನ ಗುಂಪಿನಲ್ಲಿ ಒಬ್ಬಳು, ಕಾಲಿನ ಮೂಳೆಯ ಆಪರೇಷನ್ ಆದವಳು. ಹತ್ತುವ ಗೋಡೆಯ ಹತ್ತಿರ ಬಂದು, "ಕೆಂಪು ಕಲ್ಲಿನ ತನಕ" ಅಂದಳು. ಕೆಂಪು ಕಲ್ಲು ನೆಲದಿಂದ ನಾಲ್ಕು ಅಡಿ. ಅಲ್ಲಿ ಹೋಗಿ ಕೈ ಇಟ್ಟು ಇಳಿದಳು. ಇಡೀ ಗುಂಪು ಕಿರುಚಿತು. ರಾತ್ರಿ ತನ್ನ ಸರದಿ ಬಂದಾಗ ಅವಳು ಹೇಳಿದ್ದು: "ಇವತ್ತು ಏನು ಬೇಕು ಅಂತ ನನ್ನ ಕೇಳಿದರು." ಯೋಚಿಸಿ ನೋಡಿ. ಆಸ್ಪತ್ರೆಯಲ್ಲಿ ನಾವು ಅವಳನ್ನು ಏನನ್ನೂ ಕೇಳುವುದಿಲ್ಲ. ಕೈ ಚಾಚು ಅನ್ನುತ್ತೇವೆ, ಬಾಯಿ ತೆರೆ ಅನ್ನುತ್ತೇವೆ.

ಅಣ್ಣತಮ್ಮ ಅಕ್ಕತಂಗಿಯರಿಗೆ ಬೇರೆ ಕ್ಯಾಂಪ್ ಇದೆ. ಇಡೀ ಕುಟುಂಬಕ್ಕೂ ಇದೆ, ಮಗುವನ್ನು ಕಳೆದುಕೊಂಡ ಮನೆಯವರಿಗೂ ಇದೆ. ಅದರ ಬಗ್ಗೆ ನನಗೆ ಬರೆಯಲು ಆಗುವುದಿಲ್ಲ.

ಬೆಣ್ಣೆದೋಸೆ (ದಾವಣಗೆರೆ)

ಹುಬ್ಬಳ್ಳಿ ಸರ್‌ಗೆ ನಾನು ಉತ್ತರ ಕೊಡಲಾ?

ನನಗೆ 31 ವರ್ಷ. ಹಿಮೋಫಿಲಿಯಾ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ನನ್ನ ಮೈಯಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಬಿದ್ದರೆ ಹೊರಗೆ ಬರುವ ರಕ್ತಕ್ಕಿಂತ ಮೊಣಕಾಲಿನ ಒಳಗೆ ಸೇರಿಕೊಳ್ಳುವ ರಕ್ತವೇ ದೊಡ್ಡ ಶತ್ರು. ಹಾಗೇ ಬಿಟ್ಟರೆ ಕೀಲು ಹಾಳು. ನನ್ನ ಎಡಗಾಲು ಈಗಲೂ ಪೂರ್ತಿ ಮಡಚುವುದಿಲ್ಲ.

12 ವರ್ಷದವನಿದ್ದಾಗ ಒಂದು ಶಿಬಿರಕ್ಕೆ ಹೋಗಿದ್ದೆ. ಈಜುಕೊಳ ಇರಲಿಲ್ಲ ಸರ್, ಕುದುರೆಯೂ ಇಲ್ಲ. ಮದುವೆ ಸೀಸನ್ ಅಲ್ಲದ ದಿನ ನೋಡಿ ಒಂದು ಕಲ್ಯಾಣ ಮಂಟಪ ಹಿಡಿದಿದ್ದರು. ನೆಲದ ಮೇಲೆ ಜಮಖಾನ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು. ನಮಗೆ ಚುಚ್ಚುವ ಫ್ಯಾಕ್ಟರ್ ಔಷಧಿಗೆ ಐಸ್ ತುಂಬಿದ ಡಬ್ಬ. ಮೂರು ದಿನ.

ಎರಡನೇ ದಿನ ನಮ್ಮ ಕೈಗೇ ಸೂಜಿ ಕೊಟ್ಟರು. ಮೊದಲು ರಬ್ಬರ್ ಟ್ಯೂಬ್‌ನಲ್ಲಿ ಅಭ್ಯಾಸ. ಆಮೇಲೆ ನಮ್ಮದೇ ನರ ಹುಡುಕಿ ಚುಚ್ಚಿಕೊಳ್ಳುವುದು, ಪಕ್ಕದಲ್ಲಿ ಡಾಕ್ಟರ್ ಕೂತಿರುತ್ತಿದ್ದರು. ನನಗಿಂತ ಚಿಕ್ಕವನು, ಹತ್ತು ವರ್ಷದ ಹುಡುಗ, ಮೊದಲ ಸಲಕ್ಕೇ ಚುಚ್ಚಿಕೊಂಡ. ಅವನ ಮುಂದೆ ನಾನು ಹೆದರಿದರೆ ಮರ್ಯಾದೆ ಏನು ಉಳಿಯಿತು? ಚುಚ್ಚಿಕೊಂಡೆ. ಅಲ್ಲಿಯವರೆಗೆ ರಾತ್ರಿ ಕಾಲು ಊದಿದರೆ ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಕಾಯಬೇಕಿತ್ತು. ಆಮೇಲೆ ಮನೆಯಲ್ಲಿ ಔಷಧಿ ಇದ್ದಾಗಲೆಲ್ಲ ಹತ್ತು ನಿಮಿಷದಲ್ಲಿ ನಾನೇ ತಗೊಂಡೆ. ಈಗ ಫ್ಯಾಕ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಚುಚ್ಚಿಕೊಳ್ಳಲು ಬಂದರೆ ಅರ್ಧ ಕಷ್ಟ ಕಳೆಯಿತು. ಲೆಕ್ಕದ ಪ್ರಕಾರವೇ ನೋಡಿ ಸರ್, ಅಪ್ಪನ ಎಷ್ಟು ದಿನದ ಕೂಲಿ ಉಳಿಯಿತು?

ಇನ್ನು ಅಮ್ಮನ ವಿಷಯ. ಈ ಕಾಯಿಲೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ. ಅದನ್ನು ನಮ್ಮಜ್ಜಿ, ಅಂದರೆ ಅಪ್ಪನ ಅಮ್ಮ, ಒಂದು ದಿನವೂ ಮರೆಯಲು ಬಿಟ್ಟಿರಲಿಲ್ಲ. "ನಿಮ್ಮ ಮನೆತನದ ರಕ್ತ" ಅಂತ ಎಲ್ಲರ ಮುಂದೆ ಹೇಳುತ್ತಿದ್ದರು. ಶಿಬಿರದಲ್ಲಿ ಮಕ್ಕಳು ಆಡುವಾಗ ತಾಯಂದಿರು ಅಡುಗೆಮನೆ ಪಕ್ಕ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ಮಾತು ಹೇಗೋ ಅತ್ತೆಯರ ಮೇಲೆ ಬಂತು. ಹದಿನಾಲ್ಕು ಜನ ಹೆಂಗಸರು, ಹದಿನಾಲ್ಕು ಅತ್ತೆಯರು, ಒಂದೇ ಡೈಲಾಗ್! ನಗು ಶುರುವಾಯಿತು, ಆಮೇಲೆ ಅಳು, ಮತ್ತೆ ನಗು. ಅಮ್ಮ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಆವತ್ತೇ ನೋಡಿದ್ದು. ಡಾಕ್ಟರ್ ಒಬ್ಬರು ಬಂದು, ಇದರಲ್ಲಿ ಯಾರ ತಪ್ಪೂ ಇಲ್ಲ ಅಂತ ಅಪ್ಪಂದಿರಿಗೆ ಬೋರ್ಡ್ ಮೇಲೆ ಬರೆದು ತೋರಿಸಿದರು. ಅಪ್ಪ ಮನೆಗೆ ಬಂದು ಅಜ್ಜಿಗೆ ಏನು ಹೇಳಿದರೋ ಗೊತ್ತಿಲ್ಲ. ಆ ಮಾತು ಮತ್ತೆ ಬರಲಿಲ್ಲ.

ನಮ್ಮೂರಿನಲ್ಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದರ ಹಿಂದಿರುವ ಡಾ. ಸುರೇಶ್ ಹನಗವಾಡಿ ಅವರಿಗೂ ಇದೇ ಕಾಯಿಲೆ. ಡಾಕ್ಟರೇ ನಮ್ಮವರು ಅಂದರೆ ಮಕ್ಕಳು ಹೇಗೆ ನೋಡುತ್ತಾರೆ ಗೊತ್ತಾ?

ಲೆಕ್ಕದವ (ಹುಬ್ಬಳ್ಳಿ)

ತಮ್ಮಾ, ಕಲ್ಯಾಣ ಮಂಟಪದ ಲೆಕ್ಕ ಒಪ್ಪಿದೆ. ಉಪ್ಪಿಟ್ಟಿನದೂ ಒಪ್ಪಿದೆ.

ಬಾಲಭವನ (ತುಮಕೂರು)

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನನ್ನ ಮಗ ಈಗಿಲ್ಲ. ಚಿಕಿತ್ಸೆಯ ಎರಡು ವರ್ಷದಲ್ಲಿ ಅವನ ಫೋಟೋ ನೂರಾರು ತೆಗೆದಿದ್ದೇವೆ. ಎಲ್ಲದರಲ್ಲೂ ಹಿಂದೆ ಡ್ರಿಪ್ ಸ್ಟ್ಯಾಂಡ್. ಒಂದು ದಿನ ವಾರ್ಡಿನಲ್ಲಿ ಕೌಂಟ್ ಚೆನ್ನಾಗಿದ್ದ ಮಕ್ಕಳನ್ನು ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಕರೆದುಕೊಂಡು ಹೋಗಿದ್ದರು. ಅದು ಕ್ಯಾಂಪ್ ಅಲ್ಲ, ನಾಲ್ಕು ಗಂಟೆಯ ಪ್ರವಾಸ. ಪುಟಾಣಿ ರೈಲಿನಲ್ಲಿ ಅವನು ಮತ್ತು ಅವನ ಅಕ್ಕ ಅಕ್ಕಪಕ್ಕ ಕೂತು, ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು ಕೂಗುತ್ತಿರುವ ಫೋಟೋ ಇದೆ. ಆವತ್ತು ಮಾಸ್ಕ್ ಇಳಿಸಿದ್ದಕ್ಕೆ ಬೈದಿದ್ದೆ. ನಮ್ಮ ಹಾಲ್‌ನಲ್ಲಿ ಇರುವುದು ಅದೊಂದೇ ಫೋಟೋ.

ಅಕ್ಕನನ್ನು ಆ ಎರಡು ವರ್ಷ ನನ್ನ ತಂಗಿ ಮನೆಯಲ್ಲಿ ಬಿಟ್ಟಿದ್ದೆವು. ಅವಳ ಪಾಲಿಗೆ ತಮ್ಮನ ಜೊತೆ ಆಡಿದ ಕೊನೆಯ ದಿನ ಅದು. ಈಗ ಅವಳು ಪಿಯುಸಿ. ರೈಲಿನ ವಿಷಯ ಬಂದರೆ ಮಾತ್ರ ತಮ್ಮನ ಬಗ್ಗೆ ಮಾತಾಡುತ್ತಾಳೆ.

ಸೂಜಿಮಲ್ಲಿಗೆ ಅವರೇ, ಎಲ್ಲಿ ಕಳಿಸಿದರೂ ಫೋಟೋ ತೆಗೆಯಲು ಹೇಳಿ.

ಸೂಜಿಮಲ್ಲಿಗೆ (ಬೆಂಗಳೂರು)

ಅಕ್ಕಾ... ಏನು ಬರೆಯಬೇಕು ಗೊತ್ತಾಗುತ್ತಿಲ್ಲ. ಖಂಡಿತ ಹೇಳುತ್ತೇನೆ.

ಮಣ್ಣಿನ ಮಡಕೆ (ಶಿವಮೊಗ್ಗ)

ನಾನು ಡಯಾಬಿಟಿಸ್ ಎಜುಕೇಟರ್, ಅಂದರೆ ಸಕ್ಕರೆ ಕಾಯಿಲೆ ನಿಭಾಯಿಸುವುದನ್ನು ರೋಗಿಗಳಿಗೆ, ಮನೆಯವರಿಗೆ ಕಲಿಸುವ ಕೆಲಸ. ನನಗೂ 14ನೇ ವರ್ಷದಿಂದ ಟೈಪ್ 1. ಮೂಲ ಪ್ರಶ್ನೆಗೆ ಬರೋಣ.

ನಮ್ಮ ಕಾಯಿಲೆಗೂ ಕ್ಯಾಂಪ್‌ಗೂ ನೂರು ವರ್ಷದ ನಂಟು. ಇನ್ಸುಲಿನ್ ಅನ್ನು ಮೊದಲ ಸಲ ಒಬ್ಬ ರೋಗಿಗೆ ಕೊಟ್ಟಿದ್ದು 1922ರ ಜನವರಿಯಲ್ಲಿ, ಟೊರಾಂಟೊದಲ್ಲಿ, 14 ವರ್ಷದ ಹುಡುಗನಿಗೆ. ಮೂರೇ ವರ್ಷಕ್ಕೆ, 1925ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ ಡಾ. ಲಿಯೊನಾರ್ಡ್ ವೆಂಟ್ ಡಯಾಬಿಟಿಸ್ ಮಕ್ಕಳನ್ನು ಕ್ಯಾಂಪಿಗೆ ಕರೆದುಕೊಂಡು ಹೋದರು. ಈ ಮಕ್ಕಳು ಬದುಕುತ್ತಾರೆ ಅಂತ ಗೊತ್ತಾದ ಕೂಡಲೇ ಒಬ್ಬ ಡಾಕ್ಟರಿಗೆ ಹೊಳೆದದ್ದು ಇವರನ್ನು ಆಡಲು ಬಿಡಬೇಕು ಅಂತ. ನನಗೆ ಅದು ಬಹಳ ಇಷ್ಟ.

ಈಗ ವ್ಯವಹಾರದ ಮಾತು. ಯಾವ ಶಿಬಿರವೇ ಆಗಲಿ, ರಾತ್ರಿ ಶುಗರ್ ನೋಡುವವರು ಯಾರು ಅಂತ ಕೇಳಿ. ಹೆಸರು ಹೇಳಬೇಕು, "ನಮ್ಮ ಟೀಂ ಇದೆ" ಅಂದರೆ ಸಾಲದು. ಮಗುವಿಗೆ ಎಚ್ಚರ ತಪ್ಪಿದರೆ ಕೊಡುವ ಗ್ಲೂಕಗಾನ್ ಎಲ್ಲಿಟ್ಟಿದ್ದಾರೆ, ಕೊಡಲು ಯಾರಿಗೆ ಬರುತ್ತದೆ, ಕೇಳಿ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ಗಾಡಿ ಯಾವುದು. ಇಷ್ಟಕ್ಕೆ ತಡವರಿಸಿದರೆ ಕಳಿಸಬೇಡಿ.

ದಿನವಿಡೀ ಓಡಾಡಿದರೆ ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಅದಕ್ಕೇ ಕ್ಯಾಂಪಿನಲ್ಲಿ ಮೊದಲ ದಿನವೇ ಡೋಸ್ ಇಳಿಸುತ್ತಾರೆ. ಎಷ್ಟು ಅಂತ ನಿಮ್ಮ ಡಾಕ್ಟರ್ ಹೇಳಬೇಕು. ಹಗಲು ಆಡಿದ್ದರ ಪರಿಣಾಮ ರಾತ್ರಿ ಬರುವುದೂ ಉಂಟು. ಮಲಗಿದ ಮೇಲೆ ಲೋ ಆಗಬಹುದು. ಮನೆಗೆ ಬಂದು ಮತ್ತೆ ಟಿವಿ ಮುಂದೆ ಕೂತರೆ ಶುಗರ್ ಏರುತ್ತದೆ, ಆಗ "ಕ್ಯಾಂಪಿಂದ ಹಾಳಾಯ್ತು" ಅನ್ನಬೇಡಿ. ಫ್ರಿಜ್ ಇಲ್ಲದ ಜಾಗಕ್ಕೆ ನನ್ನ ಹೆಸರೇ ಪರಿಹಾರ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ನೆರಳಲ್ಲಿ ಇಡಿ. ಇನ್ಸುಲಿನ್ ತಂಪಾಗಿರುತ್ತದೆ.

ಪವಾಡ ನಿರೀಕ್ಷಿಸಬೇಡಿ. ಮೂರು ದಿನದ ಕ್ಯಾಂಪಿಂದ ವರ್ಷದ ಶುಗರ್ ಸರಿಹೋಗುವುದಿಲ್ಲ. ವಾಪಸ್ ಬಂದ ಮಕ್ಕಳು ಒಂದು ವಾರ ಮುಖ ಊದಿಸಿಕೊಂಡಿರುತ್ತಾರೆ, ಎಲ್ಲರನ್ನೂ ಬಿಟ್ಟು ಬಂದೆ ಅಂತ. ಅದಕ್ಕೂ ತಯಾರಿರಿ.

ಇನ್ನೊಂದು. ಆಸ್ಪತ್ರೆಯಲ್ಲಿ ನಿಮ್ಮ ಜೊತೆ ಕ್ಯೂನಲ್ಲಿ ಕೂರುವ ತಾಯಂದಿರ ನಂಬರ್ ಇದೆಯಾ?

ಸೂಜಿಮಲ್ಲಿಗೆ (ಬೆಂಗಳೂರು), ನಾಲ್ಕು ವಾರದ ನಂತರ

ನಂಬರ್ ಇತ್ತು. ಆರು ಮನೆಗೆ ಫೋನ್ ಮಾಡಿದೆ. ಐದು ಮನೆಯವರು ಒಪ್ಪಿದರು. ಒಟ್ಟು ಏಳು ಮಕ್ಕಳು, ಅದರಲ್ಲಿ ಒಬ್ಬ ಕಾಯಿಲೆ ಇಲ್ಲದ ತಮ್ಮ. ಬಾಲಭವನ ಅಕ್ಕನ ಮಾತು ಓದಿದ ಮೇಲೆ ಅವನನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಕನಕಪುರದ ಹತ್ತಿರ ಒಬ್ಬರ ತೋಟ. ಒಂದು ರಾತ್ರಿ ಎರಡು ಹಗಲು. ನಮ್ಮ ಕ್ಲಿನಿಕ್ಕಿನ ನರ್ಸ್ ಒಬ್ಬರು ರಜೆ ಹಾಕಿ ಬಂದರು. ಡಾಕ್ಟರ್ ಪ್ರತಿ ಮಗುವಿಗೂ ಡೋಸ್ ಬರೆದುಕೊಟ್ಟು, ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಅಂದರು. ಹತ್ತಿರದ ಆಸ್ಪತ್ರೆ ಇಪ್ಪತ್ತು ನಿಮಿಷ, ಕಾರು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದ್ದೆವು.

ಎಲ್ಲ ಚೆನ್ನಾಗೇ ಆಯಿತು ಅಂತ ಸುಳ್ಳು ಹೇಳಲ್ಲ. ಮೊದಲ ದಿನ ಮಧ್ಯಾಹ್ನ ಇಬ್ಬರು ಒಟ್ಟಿಗೆ ಲೋ ಆದರು. ಗ್ಲೂಕೋಸ್ ಡಬ್ಬ ವ್ಯಾನಿನಲ್ಲೇ ಉಳಿದಿತ್ತು, ಓಡಿದೆವು. ಆಮೇಲಿಂದ ಡಬ್ಬ ಎಲ್ಲರ ಸೊಂಟದಲ್ಲಿ.

ರಾತ್ರಿ ನರ್ಸ್ ಹೇಳಿದರು, "3 ಗಂಟೆಗೆ ನಾನು ನೋಡುತ್ತೇನೆ, ನೀವೆಲ್ಲ ಮಲಗಿ." ಅಲಾರಂ ಇಡಲಿಲ್ಲ. ಆದರೂ ಎಚ್ಚರವಾಯಿತು. ಎದ್ದು ನೋಡಿದರೆ ಜಗುಲಿಯಲ್ಲಿ ಇನ್ನೂ ನಾಲ್ಕು ಅಮ್ಮಂದಿರು ಕತ್ತಲಲ್ಲಿ ಕೂತಿದ್ದಾರೆ, ಯಾರೂ ಯಾರನ್ನೂ ಎಬ್ಬಿಸಿಲ್ಲ. ನರ್ಸ್ ಟಾರ್ಚ್ ಹಿಡಿದು ಒಬ್ಬೊಬ್ಬರ ಬೆರಳು ಹುಡುಕುತ್ತಿದ್ದರು. ನಮ್ಮನ್ನು ನೋಡಿ ತಲೆ ಚಚ್ಚಿಕೊಂಡರು.

ಬೆಳಿಗ್ಗೆ ಮಕ್ಕಳು ಕ್ರಿಕೆಟ್ ಸ್ಕೋರ್ ಥರ ಕೂಗುತ್ತಿದ್ದರು. "ನಂದು 142!" "ನಂದು 98!" "ಲೇ, ನೀನು 260, ಡಬಲ್ ಸೆಂಚುರಿ!" ಕಾಯಿಲೆ ಇಲ್ಲದ ತಮ್ಮ ತನಗೂ ಚುಚ್ಚಬೇಕು ಅಂತ ಹಠ ಹಿಡಿದು ಅತ್ತ. ನಮ್ಮ ಯಜಮಾನರು ಅದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

ಕೆರೆಯ ಮಣ್ಣು ತಂದು ಗೊಂಬೆ ಮಾಡಿದರು. ಏಪ್ರನ್ ಬೀರುವಿಂದ ಹೊರಗೆ ಬಂತು.

ಕಾಫಿಪುಡಿ (ಕನೆಕ್ಟಿಕಟ್, ಊರು ಮೂಡಿಗೆರೆ)

ಜಗುಲಿಯ ಐದು ಅಮ್ಮಂದಿರು! ನಮ್ಮ ಮೋಟೆಲ್ ನೆನಪಾಯಿತು.

ಲೆಕ್ಕದವ (ಹುಬ್ಬಳ್ಳಿ)

ಅಕ್ಕಾರ, ಒಟ್ಟು ಎಷ್ಟು ಖರ್ಚಾತು?

ಸೂಜಿಮಲ್ಲಿಗೆ (ಬೆಂಗಳೂರು)

ವ್ಯಾನ್ 4,500. ಊಟ ತಿಂಡಿ 3,200. ಶುಗರ್ ನೋಡುವ ಸ್ಟ್ರಿಪ್ ಎಲ್ಲರೂ ತಮ್ಮ ತಮ್ಮದೇ ತಂದಿದ್ದರು. ಗ್ಲೂಕೋಸ್, ಐಸ್, ಟಾರ್ಚ್ ಸೆಲ್ ಸೇರಿ 600. ತೋಟದವರು ದುಡ್ಡು ಬೇಡ ಅಂದರು. ನರ್ಸ್ ಕೂಡ ತಗೊಳ್ಳಲಿಲ್ಲ, ಎರಡು ಹಲಸಿನ ಹಣ್ಣು ಕೊಟ್ಟು ಕಳಿಸಿದೆವು. ಒಟ್ಟು 8,300. ಐದು ಮನೆಯವರು, ನಾವು ಸೇರಿ ಆರು ಪಾಲು.

ಲೆಕ್ಕದವ (ಹುಬ್ಬಳ್ಳಿ)

ಮನೆಗೆ 1,400ಕ್ಕೂ ಕಡಿಮಿ. ದಸರಾ ರಜೆಯಾಗ ಹುಬ್ಬಳ್ಳ್ಯಾಗ ಮಾಡೂಣ್ರಿ. ನಮ್ಮ ಕಾಕಾನ ಹೊಲದಾಗ ಮನಿ ಐತಿ. ಮಡಕೆ ನಾ ತರ್ತೀನಿ.